ಜನವರಿಯಲ್ಲಿ ಯಾರು ಕೀಳ್ತಾರೆ ಚಹಾ

ಓಜುರ್ಗೇತಿಯ ಚಹಾ ಕಾರ್ಖಾನೆಯಲ್ಲಿ
ತಕ್ಕಡಿಗೆ ಗೊತ್ತಿರುವ ಭಾಷೆ ಒಂದೇ,
ಅದನ್ನಾಡುವ ಪೆಟ್ಟಿಗೆಯೂ ಒಂದೇ:
ಮೆಟ್ಟಿಲ ಕೆಳಗೆ, ಎಲೆಯ ಪುಡಿ ಮೆತ್ತಿಕೊಂಡು
ಇಪ್ಪತ್ತು ವರ್ಷದಿಂದ ಗುರ್ರೆನ್ನುವ ಸರ್ವರು.
ಹಡೆದ ಕಂಪನಿಯೇ ಕೈಬಿಟ್ಟಿದೆ.
ಹಾಳೂರಿಗೆ ಉಳಿದವನೇ ಗೌಡ.

ಮೊನ್ನೆ ಸಿಡಿಲಿಗೆ ಮದರ್‌ಬೋರ್ಡು ಸುಟ್ಟಿತು.
ಬತೂಮಿಯ ಗುಜರಿಯಲ್ಲಿ ಅದರದೇ ಜೋಡಿ ಹುಡುಕಿ
ನಾನೇ ಕೂರಿಸಿದೆ. ಒಂಬತ್ತು ತಿರುಪು.
ಎದ್ದಿತು. ಎದ್ದು ನನ್ನನ್ನೇ ಕೇಳಿತು:
ಈ ಮೈ ನನ್ನದಲ್ಲ, ಮತ್ತೆ ಪರವಾನಗಿ ತೋರಿಸಿ,
ಗಡುವು ಮೂರು ದಿನ.
ಮೂರನೆಯ ದಿನ ಬಾಗಿಲು ಹಾಕಿಕೊಂಡಿತು.

ಈಗಲೇ ಸಕ್ರಿಯಗೊಳಿಸುವಿರಾ? ಹೌದು ಅಂದರೆ
ನೀಲಿ ಪರದೆ, ಖಾಲಿ, ಮೌಸಿನ ಬಾಣವೊಂದೇ.
ಇಲ್ಲ ಅಂದರೆ ಕತ್ತು ಹಿಡಿದು ದಬ್ಬಿ
ಅದೇ ಹೊಸ್ತಿಲು, ಅದೇ ಪ್ರಶ್ನೆ.
ಹೌದು.
ಇಲ್ಲ.
ಹೌದು.

ಹೊರಗೆ ಮೂಟೆಗಳಿಗೆ ಬಿಸಿಯೇರುತ್ತಿತ್ತು;
ಕಿತ್ತ ಎಲೆ ಕಾಯುವುದಿಲ್ಲ, ಒಳಗೊಳಗೇ ಬೇಯುತ್ತದೆ.
ಮ್ಯಾನೇಜರು ಎರ್ಮಿಲೆ ಮೂರು ಸಲ ಬಂದ,
ಮೂರು ಸಲವೂ ಬಾಗಿಲಲ್ಲೇ ನಿಂತು ಹೋದ,
ಹೆರಿಗೆ ಕೋಣೆಯ ಹೊರಗಿನ ಗಂಡಸಿನಂತೆ.

ಸೇಫ್ ಮೋಡಿನ ಹಿತ್ತಿಲ ಬಾಗಿಲಿಂದ ನುಗ್ಗಿ
ಅರ್ಧಂಬರ್ಧ ಕೂತಿದ್ದ ಬ್ರೌಸರನ್ನು ಕಿತ್ತೆಸೆದ ಮೇಲೆ
ಕಿಟಕಿಯೊಂದು ತೆರೆಯಿತು.
ಇಂಟರ್ನೆಟ್ಟಿನಲ್ಲಿ ಆ ಕಡೆ ಓಗೊಡುವವರಿಲ್ಲ,
ಫೋನೊಂದೇ ದಾರಿ.
ಒಂಬತ್ತು ಕಟ್ಟು ಅಂಕಿ, ಕಟ್ಟಿಗೆ ಆರು.
ಓದಿ, ಅಂದಿತು ಯಂತ್ರದ ಹೆಣ್ಣು ದನಿ, ರಷ್ಯನ್ನಿನಲ್ಲಿ.
ಶಾಲೆ ಬಿಟ್ಟಂದಿನಿಂದ ನಾಲಿಗೆ ಮುಟ್ಟದ ಮಾತು;
ಏಳಕ್ಕೊಮ್ಮೆ, ಎಂಟಕ್ಕೊಮ್ಮೆ ಮುಗ್ಗರಿಸುತ್ತ ಓದಿದೆ.
ಎಷ್ಟು ಕಂಪ್ಯೂಟರುಗಳಲ್ಲಿ ಹಾಕಿದ್ದೀರಿ?
ಒಂದು.
ದಯವಿಟ್ಟು ಮತ್ತೊಮ್ಮೆ ಹೇಳಿ.
ಒಂದೇ ತಾಯಿ, ಇಡೀ ಕಣಿವೆಗೆ ಒಂದೇ.
ಏನನ್ನಿಸಿತೋ, ಏಳು ಕಟ್ಟು ಅಂಕಿ ಕೊಟ್ಟಿತು.
ಚಹಾ ಪೊಟ್ಟಣದ ಬೆನ್ನಿಗೆ ಬರೆದುಕೊಂಡು ಒತ್ತಿದೆ.
ತಪ್ಪು, ಅಂದಿತು ಪೆಟ್ಟಿಗೆ.
ಕನ್ನಡಕ ಒರೆಸಿ ಮತ್ತೆ ಒತ್ತಿದೆ. ತಪ್ಪು.

ಆಗ ಒಳಬಂದವಳು ತ್ಸಿಸಾನಾ,
ಉಗುರ ಸಂದಿಯಲ್ಲಿ ಎಂದೂ ಹೋಗದ ಹಸಿರು ಕರೆ,
ಕೈಯಲ್ಲಿ ಮೊನ್ನೆಯ ತೂಕದ ಚೀಟಿ.
"ನಿನ್ನ ಗೋಳು ಆಮೇಲೆ, ಮೊದಲು ಇದು ನೋಡು.
ಮೂವತ್ತೊಂದು ಕಿಲೋ, ಸರಿ.
ತಾರೀಕು? ಜನವರಿ ಎರಡು, ಎರಡು ಸಾವಿರದ ಮೂರು!
ಜನವರಿಯಲ್ಲಿ ಯಾರು ಕೀಳ್ತಾರೆ ಚಹಾ?
ದುಡ್ಡೂ ಆ ಕಾಲದ ದರಕ್ಕೇ ಎಣಿಸ್ತೀರೋ ಹೇಗೆ?"

ಚೀಟಿ ನೋಡಿದೆ. ಪರದೆಯ ಮೂಲೆ ನೋಡಿದೆ.
ಗುಜರಿಯ ಹಲಗೆಯಲ್ಲಿ, ನಾಣ್ಯದಷ್ಟಗಲದ ಬ್ಯಾಟರಿ
ಯಾವತ್ತೋ ಸತ್ತಿತ್ತು.
ಪಾಪ, ಪೆಟ್ಟಿಗೆ ಹಟ ಮಾಡಿರಲಿಲ್ಲ.
ಅದು ಕೂತಿದ್ದದ್ದು ತಾನು ಹುಟ್ಟುವ ಮುಂಚಿನ ಚಳಿಗಾಲದಲ್ಲಿ:
ದಿನಕ್ಕೆರಡು ಗಂಟೆ ಕರೆಂಟು,
ಮಿಕ್ಕ ಹೊತ್ತು ಸೀಮೆಎಣ್ಣೆ ದೀಪದ ಹೊಗೆ,
ಕೋಟು ತೊಟ್ಟೇ ಮಲಗುತ್ತಿದ್ದ ನಾವು.
ಇನ್ನೂ ಆಗದ ಬೇಸಿಗೆಯಿಂದ ಬಂದ ಅಪ್ಪಣೆಯನ್ನು
ಅಲ್ಲಿರುವವರು ಯಾರು ತಾನೆ ನಂಬುತ್ತಾರೆ?

ಎರ್ಮಿಲೆಯ ಕಾರಿನ ರಿಮೋಟು ಬಿಚ್ಚಿ ಬಿಲ್ಲೆ ಕಿತ್ತೆ.
ಅದೇ ಅಳತೆ.
ತಾರೀಕು ತಿದ್ದಿದೆ; ಇಪ್ಪತ್ತೆರಡು ವರ್ಷ
ಒಂದು ಬೆರಳಿಗೆ ಸರಿದವು.
ಅದೇ ಏಳು ಕಟ್ಟು. ಈ ಸಲ ಸುಮ್ಮನೆ ಒಪ್ಪಿತು,
ಧನ್ಯವಾದ ಬೇರೆ ಹೇಳಿತು.

ತಕ್ಕಡಿ ಕೀಚೆಂದಿತು, ಮೂಟೆಗಳ ಸಾಲು ಮುಂದಕ್ಕೆ ಜರುಗಿತು.
ತಿದ್ದಿದ ಚೀಟಿ ಪಡೆದ ಮೇಲೂ ತ್ಸಿಸಾನಾ
ಹಳೆಯದನ್ನು ಮಡಿಸಿ ಏಪ್ರನ್ನಿನ ಜೇಬಿಗಿಟ್ಟಳು:
"ಸೊಸೆಗೆ ತೋರಿಸ್ತೇನೆ.
ಹಿಮದಲ್ಲೂ ಮೂವತ್ತೊಂದು ಕಿಲೋ ಕಿತ್ತವಳು ನಾನು."

ಕತ್ತಲಾಗುವಾಗ ನಾನು ಚೀಲ ಕಟ್ಟಿ ಹೊರಬಂದರೆ
ಅಂಗಳದಲ್ಲಿ ಎರ್ಮಿಲೆ, ತನ್ನದೇ ಕಾರಿನ ಮುಂದೆ,
ಸತ್ತ ಗುಂಡಿಯನ್ನು ಒತ್ತುತ್ತಾನೆ, ಒತ್ತುತ್ತಾನೆ.
ಬಾಗಿಲು ಅವನನ್ನು ಗುರುತಿಸುತ್ತಿಲ್ಲ.